ಹಾಸಿಗೆ ಅಂಗಡಿಗೆ ಹೀರೋ ಬೇಕಾಗಿದ್ದಾನೆ

ಗಂಡನ ದುರವಸ್ಥೆಗೆ ತಾನು ಹೊಲಿದುಕೊಟ್ಟ ಪ್ಯಾಂಟೇ ಕಾರಣ ಎಂದು ಯಾರಾದರೂ ಬಾಯಿ ಬಿಟ್ಟರೆ ದಿಂಬಣ್ಣನ ಹೆಂಡತಿ ಇಂದಿಗೂ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತಾಳೆ. ಪಾಪ, ಅವಳು ಹೊಲಿದಿದ್ದು ಒಳ್ಳೆಯದಕ್ಕೇ.

ದಿಂಬಣ್ಣ ಹಾಸಿಗೆ ಅಂಗಡಿಯ ಗೋಡೌನಿನಲ್ಲಿ ಕೆಲಸಕ್ಕಿದ್ದ. ಗೋಡೌನು ನೆಲಮಾಳಿಗೆಯಲ್ಲಿ, ಶೋರೂಮು ಮೇಲೆ. ಮೇಲಿನವರು ಮಾರಿದ್ದನ್ನು ಕೆಳಗಿನಿಂದ ಬೆನ್ನ ಮೇಲೆ ಹೊತ್ತು ತರುವುದು ಅವನ ಪಾಲಿನ ಕೆಲಸ. ಹೊತ್ತು ಹೊತ್ತು ಅವನ ಸೊಂಟ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟತೊಡಗಿತ್ತು. ಡಾಕ್ಟರು ಪರೀಕ್ಷೆ ಮಾಡಿ, "ಭಾರ ಎತ್ತಬೇಡಿ, ಒಳ್ಳೆ ಹಾಸಿಗೆ ಮೇಲೆ ಮಲಗಿ" ಎಂದಿದ್ದರು. ಈ ಎರಡರಲ್ಲಿ ಯಾವ ಮಾತಿಗೆ ಮೊದಲು ನಗಬೇಕೋ ಅವನಿಗೆ ತಿಳಿಯಲಿಲ್ಲ. ಅವನು ಹೊರುತ್ತಿದ್ದ ಹಾಸಿಗೆಗಳಲ್ಲಿ ಒಂದನ್ನು ಕೊಳ್ಳಬೇಕಾದರೂ ವರ್ಷದ ಸಂಬಳ ಹಾಗೇ ಎತ್ತಿಡಬೇಕಿತ್ತು.

ಬಗ್ಗಿ ಏಳುವ ಗಂಡನ ಸಂಕಟ ನೋಡಲಾರದೆ ಹೆಂಡತಿ ಒಂದು ಉಪಾಯ ಹುಡುಕಿದಳು. ಹಾಸಿಗೆಗೆ ಹೊದಿಸುವ ಪಟ್ಟೆಪಟ್ಟೆ ಬಟ್ಟೆಯ ತುಂಡುಗಳು ಗೋಡೌನಿನಲ್ಲಿ ಉಳಿದಿದ್ದನ್ನು ತರಿಸಿ ಪ್ಯಾಂಟು ಹೊಲಿದಳು. ಸೊಂಟಕ್ಕೆ ಲಾಡಿ. ಒಂದೊಂದು ಕಾಲಿನಲ್ಲೂ ಒಂದೊಂದು ಸಂಸಾರ ಹೂಡಬಹುದಾದಷ್ಟು ಜಾಗ. ಹಾಕಿಕೊಂಡ ದಿನ ದಿಂಬಣ್ಣನಿಗೆ ಹೊಸ ಜನ್ಮ ಬಂದಂತಾಯಿತು. ಕೂತರೆ ಸುಖ, ಎದ್ದರೆ ಸುಖ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಅದೇ ಬಟ್ಟೆಯಲ್ಲಿ ಇನ್ನೂ ಎರಡು ಹೊಲಿಸಿಕೊಂಡು ಅವನು ಅದನ್ನೇ ತನ್ನ ಶೈಲಿ ಮಾಡಿಕೊಂಡುಬಿಟ್ಟ. ಸಹೋದ್ಯೋಗಿಗಳು ನೋಡಿ ನಕ್ಕು ಹೆಸರಿಟ್ಟರು: ದಿಂಬಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಆಮೇಲೆ ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು.

ಒಮ್ಮೆ ಆ ಪ್ಯಾಂಟಿನಲ್ಲಿ ಶೋರೂಮಿಗೆ ಬಂದಿದ್ದಾಗ ಮ್ಯಾನೇಜರು ಎಲ್ಲರೆದುರಿಗೇ ಹೇಳಿದ್ದರು: "ಇದನ್ನ ಹಾಕ್ಕೊಂಡು ಇಲ್ಲಿ ನಿಲ್ಲಬೇಡ ಕಣಯ್ಯ. ಗಿರಾಕಿಗಳು ನಿನ್ನ ಬೆಲೆ ಕೇಳ್ತಾರೆ."

ಆ ಮಾತು ದಿಂಬಣ್ಣನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಹೀಗಿರುವಾಗ ಮ್ಯಾನೇಜರು ಒಂದು ಸಂಜೆ ಎಲ್ಲರನ್ನೂ ಸೇರಿಸಿ ಘೋಷಣೆ ಮಾಡಿದರು.

"ನಮ್ಮ ಹಾಸಿಗೆಗೆ ಜಾಹೀರಾತು ಮಾಡಿಸ್ತಾ ಇದೀವಿ. ಊರು ತುಂಬಾ ದೊಡ್ಡ ದೊಡ್ಡ ಬೋರ್ಡು ಬೀಳುತ್ತೆ. ಹಳೇ ಕಪ್ಪು-ಬಿಳುಪು ಸಿನಿಮಾ ಥರ ಇರಬೇಕು ಅಂತ ಯಜಮಾನರ ಆಸೆ. ನಟರನ್ನ ಕರೆಸಿದ್ರೆ ದುಡ್ಡು ಕೇಳ್ತಾರೆ. ಅದಕ್ಕೆ ನಿಮ್ಮಲ್ಲೇ ಒಬ್ಬರನ್ನ ಆರಿಸ್ತೀವಿ. ನಾಳೆ ಫೋಟೋ ತೆಗೆಯೋರು ಬರ್ತಾರೆ. ಆಯ್ಕೆ ಆದವರಿಗೆ ಶೋರೂಮಿನಲ್ಲಿ ಖಾಲಿ ಇರೋ ಜಾಗ. ಫ್ಯಾನಿನ ಕೆಳಗೆ ಕುರ್ಚಿ. ಬಂದವರ ಜೊತೆ ನಗ್ತಾ ಮಾತಾಡಿದ್ರೆ ಆಯ್ತು, ಬೇರೆ ಕೆಲಸ ಇಲ್ಲ."

ಊರು ತುಂಬಾ ಬೋರ್ಡು ಎಂಬ ಮಾತು ದಿಂಬಣ್ಣನ ಕಿವಿಗೆ ಬೀಳಲೇ ಇಲ್ಲ. ಅವನಿಗೆ ಕೇಳಿಸಿದ್ದು ಎರಡೇ ಮಾತು: ಫ್ಯಾನು, ಕುರ್ಚಿ. ಇನ್ನು ಬೆನ್ನ ಮೇಲೆ ಹಾಸಿಗೆ ಹೊರಬೇಕಾಗಿಲ್ಲ! ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿಬಿಟ್ಟ. ಹೇಳಿದ್ದೇ ತಪ್ಪಾಯಿತು. ಅವರ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಆ ಗೋಡೆಯಾಚೆ ಇದ್ದದ್ದು ಮೇಕಪ್ ಮಾಮ.

ಮೇಕಪ್ ಮಾಮ ಒಂದು ಕಾಲದಲ್ಲಿ ಸಿನಿಮಾಗಳಲ್ಲಿ ಬಣ್ಣ ಹಚ್ಚುತ್ತಿದ್ದ ಮುದುಕ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ, ಸಿನಿಮಾಗಳೂ ಅವನನ್ನು ಮರೆತಿದ್ದವು. ಹೀಗಾಗಿ ಬಣ್ಣದ ಪೆಟ್ಟಿಗೆ ಹಿಡಿದು ಯಾರ ಮುಖ ಖಾಲಿ ಇದೆ ಎಂದು ಬೀದಿಯಲ್ಲಿ ಕಾಯುತ್ತಿದ್ದ. ಬೆಳಕು ಹರಿಯುವ ಮುಂಚೆಯೇ ದಿಂಬಣ್ಣನ ಮನೆ ಬಾಗಿಲು ದಬದಬ ಬಡಿದ ಸದ್ದಾಯಿತು.

"ಏಳಪ್ಪಾ ಹೀರೋ! ಮುಖ ತೊಳ್ಕೊಂಡು ಬಾ. ಇವತ್ತು ನಿನ್ನನ್ನ ಮನುಷ್ಯನ್ನಾಗಿ ಮಾಡ್ತೀನಿ."

"ಮಾಮ, ನಾನು ಸುಮ್ನೆ ಒಂದು ಶುಭ್ರವಾದ ಅಂಗಿ ಹಾಕ್ಕೊಂಡು ಹೋಗೋಣ ಅಂತಿದ್ದೆ."

"ಅಂಗಿ?" ಮಾಮ ದಿಂಬಣ್ಣನ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯೇನಮ್ಮಾ? ಹಳೇ ಸಿನಿಮಾದ ಹೀರೋ ಆಗ್ಬೇಕಂತೆ, ಅಂಗಿಯಂತೆ! ಆ ಕಾಲದಲ್ಲಿ ಹೀರೋಗಳು ಹೇಗಿದ್ರು ಗೊತ್ತಾ? ಸೂಟಿನ ಮಡಿಕೆ ಕೆಡುತ್ತೆ ಅಂತ ಬೆಳಗಿಂದ ಸಂಜೆ ತನಕ ಕೂರ್ತಾನೇ ಇರ್ಲಿಲ್ಲ. ಒಂದು ಓರೆ ಹಲಗೆ ಇಟ್ಟಿರ್ತಿದ್ರು, ಅದಕ್ಕೆ ಒರಗಿ ನಿಲ್ತಿದ್ರು. ಊಟಾನೂ ನಿಂತೇ."

"ನೀವು ಅವರಿಗೆಲ್ಲ ಬಣ್ಣ ಹಚ್ಚಿದೀರಾ ಮಾಮ?" ಹೆಂಡತಿ ಕಣ್ಣರಳಿಸಿದಳು.

ಮಾಮ ಪೆಟ್ಟಿಗೆ ಬಿಚ್ಚುತ್ತ ಗಂಟಲು ಸರಿಮಾಡಿಕೊಂಡ. "ಅವರ ಪಕ್ಕದಲ್ಲೇ ಇರ್ತಿದ್ದೋರಿಗೆ ಹಚ್ಚಿದೀನಿ. ಯುದ್ಧದ ಸೀನು ನೋಡಿದೀಯಲ್ಲ, ಹೀರೋ ಗೆದ್ದು ಬರೋವಾಗ ಸುತ್ತ ಸಾಲಾಗಿ ಬಿದ್ದಿರ್ತಾರಲ್ಲ, ಅವರೆಲ್ಲ ನನ್ನ ಕೈಯೋರೇ. ಒಬ್ಬೊಬ್ಬನ ಮುಖ ನೋಡಿದ್ರೆ ಅವನ ತಾಯೀನೂ ಅತ್ತುಬಿಡ್ಬೇಕು, ಹಂಗೆ ಮಾಡಿಡ್ತಿದ್ದೆ."

ಹೆಣಗಳಿಗೆ ಬಣ್ಣ ಹಚ್ಚಿದ ಕೈ ತನ್ನ ಕೆನ್ನೆಯ ಮೇಲೆ ಓಡಾಡುತ್ತಿದೆ ಎಂಬುದು ದಿಂಬಣ್ಣನಿಗೆ ಹೊಳೆಯುವಷ್ಟರಲ್ಲಿ ಕೆನ್ನೆ ಅರ್ಧ ಮುಗಿದಿತ್ತು. ಕಣ್ಣಿನ ಕೆಳಗೆ ಕಪ್ಪು ನೆರಳು ಬಿತ್ತು. "ಆಳವಾದ ನೋಟಕ್ಕೆ" ಎಂದ ಮಾಮ. ಮೂಗಿನ ಕೆಳಗೆ ಪೆನ್ಸಿಲಿನಿಂದ ಎರಡು ಗೆರೆ ಎಳೆದು ಸಣ್ಣ ಮೀಸೆ ಮಾಡಿದ. ತಲೆಗೆ ಎಂಥದೋ ಅಂಟು ಸವರಿ, ಮುಂದಲೆಯ ಕೂದಲನ್ನು ಎತ್ತಿ, ಅಂಗಡಿ ಮುಂದಿನ ತಗಡಿನ ಮಾಡಿನಂತೆ ಮುಂದಕ್ಕೆ ಚಾಚಿ ನಿಲ್ಲಿಸಿದ. ಬೀದಿಯಲ್ಲಿ ಸುದ್ದಿ ಹರಡಿತು. ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು, ಹೋಗುವವರೆಲ್ಲ ಒಂದೊಂದು ಹೊಗಳಿಕೆ ಬಿಟ್ಟರು.

ಮಹಡಿ ಮೇಲಿನ ಡ್ಯಾನ್ಸ್ ಮೇಷ್ಟ್ರು ತಮ್ಮ ಕಪ್ಪು-ಬಿಳಿ ಎರಡು ಬಣ್ಣದ, ಮುಂದೆ ಚೂಪಾದ ಬೂಟುಗಳನ್ನು ಹಿಡಿದುಕೊಂಡು ಇಳಿದು ಬಂದರು. ಅವು ದಿಂಬಣ್ಣನ ಪಾದಕ್ಕಿಂತ ಚಿಕ್ಕವು. "ಬಿಗಿ ಇದ್ದಷ್ಟೂ ನಡಿಗೆ ಚೆನ್ನಾಗಿ ಬರುತ್ತೆ" ಎಂದರು ಮೇಷ್ಟ್ರು. ಹೆಂಡತಿ ತನ್ನ ತಮ್ಮನ ಮದುವೆಯ ಸೂಟು ತರಿಸಿದಳು. ಅವಳ ತಮ್ಮ ಮದುವೆಯಾದಾಗ ಕಡ್ಡಿಯಂತಿದ್ದ. ದಿಂಬಣ್ಣನನ್ನು ಆ ಸೂಟಿನೊಳಗೆ ಸೇರಿಸಲು ಮೂರು ಜನ ಬೇಕಾದರು. ಹೊಟ್ಟೆಯ ಸುತ್ತ ಹಳೆಯ ಸೀರೆಯೊಂದನ್ನು ಪಟ್ಟಿ ಮಾಡಿ ಸುತ್ತಿ, ಮೇಷ್ಟ್ರು ಎಳೆದರು, ಹೆಂಡತಿ ಗುಂಡಿ ಹಾಕಿದಳು, ಮಾಮ "ಉಸಿರು ಬಿಡಬೇಡ" ಎಂದು ಪಕ್ಕದಿಂದ ಧೈರ್ಯ ಹೇಳಿದ.

"ಎಷ್ಟು ಹೊತ್ತು ಬಿಡಬಾರ್ದು?" ದಿಂಬಣ್ಣ ಕೇಳಿದ. ಧ್ವನಿ ಕೀಚಲಾಗಿತ್ತು.

"ಫೋಟೋ ಮುಗಿಯೋ ತನಕ" ಎಂದ ಮಾಮ.

ಈ ಎಳೆದಾಟದಲ್ಲಿ ಯಾರದೋ ಮೊಣಕೈ ತಾಗಿ ಕಪ್ಪು ಬಣ್ಣದ ಡಬ್ಬಿ ಮಗುಚಿ ಮಾಮನ ಪ್ಯಾಂಟಿನ ಮೇಲೆ ಸುರಿಯಿತು. ಇದ್ದದ್ದು ಅದೊಂದೇ ಒಳ್ಳೆಯ ಪ್ಯಾಂಟು ಎಂದು ಮಾಮ ಗೋಳಾಡತೊಡಗಿದ. ಹೆಂಡತಿ ಒಳಗಿನಿಂದ ದಿಂಬಣ್ಣನ ಪಟ್ಟೆ ಪ್ಯಾಂಟು ತಂದುಕೊಟ್ಟಳು. "ಇವತ್ತೊಂದು ದಿನ ಹಾಕ್ಕೊಳ್ಳಿ ಮಾಮ. ಹೇಗಿದ್ರೂ ಇವರಿಗೆ ಇನ್ಮೇಲೆ ಇದು ಬೇಡ."

ತನ್ನ ಪ್ಯಾಂಟು ಮಾಮನ ಕಾಲೇರುವುದನ್ನು ದಿಂಬಣ್ಣ ಸಂಕಟದಿಂದ ನೋಡಿದ. ಅಷ್ಟರಲ್ಲಿ ಹೆಂಡತಿ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ನನ್ನ ಕಣ್ಣೇ ತಾಗುತ್ತೆ ಕಣ್ರೀ" ಎಂದಳು. ಮದುವೆಯಾದ ಮೇಲೆ ಅವಳು ಅಂಥ ಮಾತು ಆಡಿದ್ದು ಅದೇ ಮೊದಲು. ಉಸಿರು ಬಿಗಿ ಹಿಡಿದೇ ಅವನು ನಕ್ಕ.

"ಒಬ್ಬನೇ ಕಳಿಸಿದ್ರೆ ಮೀಸೆ ಅಳಿಸ್ಕೊಂಡುಬಿಡ್ತಾನೆ, ನಾನೂ ಬರ್ತೀನಿ" ಎಂದು ಮಾಮ ಪೆಟ್ಟಿಗೆ ಹಿಡಿದು ಹೊರಟ.

ಬಸ್ಸಿನಲ್ಲಿ ಒಂದು ಸೀಟು ಖಾಲಿ ಇತ್ತು. ದಿಂಬಣ್ಣ ಆಸೆಯಿಂದ ಆ ಕಡೆ ನೋಡಿದ. ಕೂರಲು ಮೊಣಕಾಲು ಮಡಿಸಿದ ಕೂಡಲೇ ಹಿಂದೆ ಎಲ್ಲೋ ಒಂದು ದಾರ "ಪಟ್" ಎಂದಿತು. ನೆಟ್ಟಗೆ ನಿಂತ. ಮಾಮ ಆ ಸೀಟಿನಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿ, ಪಟ್ಟೆ ಪ್ಯಾಂಟಿನ ಅಗಲವನ್ನು ಕೈಯಿಂದ ಸವರಿ ನೋಡಿ, "ಪರವಾಗಿಲ್ಲ ಕಣಪ್ಪಾ, ಇದು" ಎಂದ.

ಎದುರಿಗೆ ಕೂತಿದ್ದ ಅಜ್ಜಿ ದಿಂಬಣ್ಣನನ್ನೇ ಬಹಳ ಹೊತ್ತು ನೋಡಿದಳು.

"ಎಲ್ಲಿ ಮಾಡ್ತೀಯಪ್ಪಾ ಆಟ?"

"ಯಾವ ಆಟ ಅಜ್ಜಿ?"

"ಮ್ಯಾಜಿಕ್ಕು. ನಾಚ್ಕೋಬೇಡ, ಒಂದು ಪಾರಿವಾಳ ತೆಗಿ ನೋಡೋಣ. ಮನೇಲಿ ಕೂತೂ ಕೂತೂ ಬೇಜಾರಾಗಿದೆ."

ಪಾರಿವಾಳ ಇಲ್ಲ ಎಂದರೆ ಅಜ್ಜಿ ನಂಬಲಿಲ್ಲ. ಅಷ್ಟು ಬಿಗಿಯಾದ ಕೋಟಿನೊಳಗೆ ಏನಾದರೂ ಇದ್ದೇ ಇರುತ್ತದೆ ಎಂದು ಪಕ್ಕದವರಿಗೆ ಹೇಳಿದಳು. ಇಡೀ ಬಸ್ಸು ಕಾಯುತ್ತ ಕೂತಿತು. ಕಂಡಕ್ಟರು ಟಿಕೆಟ್ಟು ಹರಿದು ಕೊಟ್ಟು, "ಇದನ್ನ ಮಾಯ ಮಾಡ್ಬೇಡಿ, ಚೆಕಿಂಗ್ ಬರುತ್ತೆ" ಎಂದ. ದಿಂಬಣ್ಣ ಇಳಿಯುವಾಗ ಅಜ್ಜಿಯ ಮುಖದಲ್ಲಿ ಮೋಸಹೋದ ಸಿಟ್ಟು ಕಾಣುತ್ತಿತ್ತು.

ಅಂಗಡಿಯ ಬಾಗಿಲಲ್ಲಿ ಅವನಿಗೆ ಒಂದು ಸಣ್ಣ ಸುಖ ಕಾದಿತ್ತು. ದಿನವೂ "ಹಿಂದಿನ ಬಾಗಿಲಿಂದ ಹೋಗೋ" ಎಂದು ಗದರುತ್ತಿದ್ದ ವಾಚ್‌ಮನ್ನು ಗುರುತು ಹಿಡಿಯದೆ ಎದ್ದು ಸಲಾಂ ಹೊಡೆದು ಗಾಜಿನ ಬಾಗಿಲು ತೆರೆದ. ಕಾಲು ಹಿಂಡುತ್ತಿದ್ದರೂ ದಿಂಬಣ್ಣ ರಾಜಗಾಂಭೀರ್ಯದಿಂದ ಒಳಗೆ ಹೆಜ್ಜೆ ಇಟ್ಟ. ಇಟ್ಟವನು ಅಲ್ಲೇ ಬೆಪ್ಪಾಗಿ ನಿಂತ.

ಶೋರೂಮಿನ ತುಂಬ ಹೀರೋಗಳು! ಸೇಲ್ಸ್‌ಮನ್ನುಗಳು, ಡ್ರೈವರು, ಲೆಕ್ಕ ಬರೆಯುವವರು, ಎಲ್ಲರೂ ಎಲ್ಲೆಲ್ಲಿಂದಲೋ ಸೂಟು ಎರವಲು ತಂದು ಬಿಗಿದುಕೊಂಡಿದ್ದರು. ಕ್ಯಾಷ್ ಕೌಂಟರಿನ ಅಕ್ಕ ಕಿವಿಯ ತನಕ ಕಣ್ಣು ಬರೆದುಕೊಂಡು, ತಲೆಯ ಮೇಲೆ ಗುಡ್ಡದಂಥ ತುರುಬು ಕಟ್ಟಿ, ಚಿಲ್ಲರೆ ಎಣಿಸಲು ಬಗ್ಗಲಾರದೆ ಗಿರಾಕಿಗೇ ಎಣಿಸಿಕೊಳ್ಳಲು ಹೇಳುತ್ತಿದ್ದಳು. ಎಲ್ಲರಿಗಿಂತ ಮುಂದೆ ನಿಂತಿದ್ದವನು ಇಸ್ತ್ರಿ. ಅವನು ಅಂಗಡಿಯ ದೊಡ್ಡ ಸೇಲ್ಸ್‌ಮನ್ನು. ಅಂಗಿಯ ಮಡಿಕೆಯಲ್ಲಿ ಬೆರಳು ಕೊಯ್ದುಕೊಳ್ಳಬಹುದು ಎನ್ನುವ ಹಾಗೆ ಬಟ್ಟೆ ಹಾಕುತ್ತಿದ್ದುದರಿಂದ ಆ ಹೆಸರು.

"ಏನೋ ದಿಂಬು, ಗವಸು ಬದಲಾಯಿಸಿದ್ಯಾ?" ಎಂದ ಇಸ್ತ್ರಿ. ಹೀರೋಗಳೆಲ್ಲ ನಕ್ಕರು. ಜೋರಾಗಿ ನಕ್ಕ ಡ್ರೈವರನ ಕೋಟಿನ ಗುಂಡಿಯೊಂದು ಹಾರಿ ಕ್ಯಾಷ್ ಅಕ್ಕನ ತುರುಬಿನೊಳಗೆ ಸೇರಿತು. ಅದನ್ನು ಹುಡುಕಲು ಹೋದ ಡ್ರೈವರನಿಗೆ ಕೆನ್ನೆಗೆ ಬೀಳುವುದೊಂದು ಬಾಕಿ.

ಅಷ್ಟರಲ್ಲಿ ಮ್ಯಾನೇಜರ ಜೊತೆ ಫೋಟೋದವಳು ಬಂದಳು. ಬಹಳ ದೊಡ್ಡ ಹೆಸರು ಮಾಡಿದವಳಂತೆ. ಮೈಮೇಲೆ ಅಣ್ಣನದೋ ಅಪ್ಪನದೋ ಇರಬೇಕೆನ್ನುವಂಥ ದೊಗಲೆ ಅಂಗಿ, ಕಾಲಲ್ಲಿ ಸವೆದ ಚಪ್ಪಲಿ, ಕೂದಲಿಗೆ ಒಂದು ರಬ್ಬರ್ ಬ್ಯಾಂಡು. ಸಾಲಾಗಿ ನಿಂತ ಹೀರೋಗಳನ್ನು ಅವಳು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಇವರೆಲ್ಲ ನಿಮ್ಮ ಅಂಗಡಿಯವರಾ ಸರ್?"

"ಹೌದು ಮೇಡಂ. ಒಬ್ಬರಿಗಿಂತ ಒಬ್ಬರು."

"ಸರಿ. ಒಬ್ಬೊಬ್ಬರಾಗಿ ಬಂದು ಹಾಸಿಗೆ ಮೇಲೆ ಮಲಗಿ. ಮನೇಲಿ ಮಲಗೋ ಹಾಗೆ, ಆರಾಮಾಗಿ."

ಹೀರೋಗಳೆಲ್ಲ ಒಟ್ಟಿಗೇ ಒಂದು ಹೆಜ್ಜೆ ಹಿಂದೆ ಸರಿದರು. ಯಾಕೆಂದರೆ ಆ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧ ಅದೇ. ಸಿಬ್ಬಂದಿ ಹಾಸಿಗೆಯ ಮೇಲೆ ಮಲಗುವುದಿರಲಿ, ಅಂಚಿಗೆ ಒರಗುವಂತೆಯೂ ಇರಲಿಲ್ಲ. ಮ್ಯಾನೇಜರು ಆಗಾಗ ಸದ್ದಿಲ್ಲದೆ ಬಂದು ಪ್ರತಿ ಹಾಸಿಗೆಯ ಮೇಲೂ ಅಂಗೈ ಇಟ್ಟು ನೋಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದಂತೆ. ಎಲ್ಲಾದರೂ ಬೆಚ್ಚಗಿದ್ದರೆ ಆ ಸಾಲಿನವನ ಅರ್ಧ ದಿನದ ಸಂಬಳ ಹೋಯಿತು. ಹೀಗೆ ವರ್ಷಗಟ್ಟಲೆ ನಿಂತೂ ನಿಂತೂ ಆ ಜನಕ್ಕೆ ಹಾಸಿಗೆ ಕಂಡರೆ ನಿದ್ದೆ ಬರುತ್ತಿರಲಿಲ್ಲ, ಎದೆ ಬಡಿದುಕೊಳ್ಳುತ್ತಿತ್ತು.

ಮೊದಲು ಇಸ್ತ್ರಿ ಹೋದ. ಮಲಗಿದ. ಮಲಗಿದ ಎನ್ನುವುದಕ್ಕಿಂತ ಅಟೆನ್ಷನ್ನಿನಲ್ಲಿ ಅಡ್ಡಲಾದ ಎನ್ನಬೇಕು. ಮ್ಯಾನೇಜರು ನೋಡಲೆಂದು ಒಂದು ಹೆಜ್ಜೆ ಮುಂದಿಟ್ಟರು. ಇಸ್ತ್ರಿ ಸ್ಪ್ರಿಂಗಿನಂತೆ ಎಗರಿ ನೆಲದ ಮೇಲೆ ನಿಂತು, "ಈಗ ತಾನೇ ಸರ್, ಸುಮ್ನೆ ಧೂಳು ಹೊಡೀತಿದ್ದೆ" ಎಂದ.

ಡ್ರೈವರು ಒಂದು ಕಾಲನ್ನು ನೆಲದ ಮೇಲೇ ಇಟ್ಟುಕೊಂಡು ಮಲಗಿದ. ಲೆಕ್ಕ ಬರೆಯುವವರು ಮಲಗಿ, ಎದ್ದು, ತಾವು ಮಲಗಿದ ಜಾಗವನ್ನು ಬೀಸಣಿಗೆಯಿಂದ ತಣ್ಣಗೆ ಮಾಡಿದರು. ಕ್ಯಾಷ್ ಅಕ್ಕ ಮಲಗಿದಳು. ತುರುಬಿನ ಗುಡ್ಡದಿಂದಾಗಿ ಅವಳ ತಲೆ ಹಾಸಿಗೆಗೆ ತಾಗಲೇ ಇಲ್ಲ. ಫೋಟೋದವಳು ತಲೆ ಮೇಲೆ ಕೈ ಹೊತ್ತು ಕೂತಳು.

"ಸರ್, ಇವರು ಯಾರೂ ಜೀವನದಲ್ಲಿ ಮಲಗೇ ಇಲ್ವಾ?"

"ಕೆಲಸದ ಸಮಯದಲ್ಲಿ ಇಲ್ಲ ಮೇಡಂ" ಎಂದರು ಮ್ಯಾನೇಜರು ಹೆಮ್ಮೆಯಿಂದ.

ಕೊನೆಗೆ ಉಳಿದದ್ದು ದಿಂಬಣ್ಣ. ಬಾಗಿಲ ಬಳಿ ಪೆಟ್ಟಿಗೆ ಹಿಡಿದು ನಿಂತಿದ್ದ ಮಾಮ ಕೈಸನ್ನೆ ಮಾಡಿ "ಗಾಂಭೀರ್ಯ, ಗಾಂಭೀರ್ಯ" ಎಂದು ಎಚ್ಚರಿಸಿದ. ಆಮೇಲೆ ತನ್ನ ಕಾಲು ನೋಯುತ್ತಿದೆ ಎಂದು ಗೊಣಗುತ್ತ ಕೂರಲು ಜಾಗ ಹುಡುಕಿಕೊಂಡು ಹೋದ.

ದಿಂಬಣ್ಣ ಹಾಸಿಗೆಯ ಮುಂದೆ ನಿಂತ. ಬೆಳಗಿನಿಂದ ಕೂತಿರಲಿಲ್ಲ. ಉಸಿರನ್ನು ಚೂರು ಚೂರೇ ಬಿಟ್ಟುಕೊಂಡು ಇಷ್ಟು ದೂರ ಬಂದಿದ್ದ. ಬೆರಳುಗಳು ಬೂಟಿನೊಳಗೆ ಒಂದರ ಮೇಲೊಂದು ಹತ್ತಿ ಕೂತಿದ್ದವು. ಸೊಂಟ ಉರಿಯುತ್ತಿತ್ತು. ಎದುರಿಗೆ ಅಂಗಡಿಯ ಅತಿ ಬೆಲೆಯ ಹಾಸಿಗೆ. ಅದನ್ನು ಕೆಳಗಿನಿಂದ ಹೊತ್ತು ತಂದವನು ಅವನೇ, ಬೆನ್ನಿಗೆ ಅದರ ಗುರುತಿತ್ತು. ಫ್ಯಾನು, ಕುರ್ಚಿ ಎಂದು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು ಅವನು ಮೊಣಕಾಲು ಮಡಿಸಲು ನೋಡಿದ. ಪ್ಯಾಂಟು ಒಪ್ಪಲಿಲ್ಲ. ಸೊಂಟ ಬಗ್ಗಿಸಲು ನೋಡಿದ. ಕೋಟು ಒಪ್ಪಲಿಲ್ಲ. ಬೇರೆ ದಾರಿ ಕಾಣದೆ ಕಣ್ಣು ಮುಚ್ಚಿ, ಕಡಿದ ಮರದಂತೆ ಇಡಿಯಾಗಿ ಹಿಂದಕ್ಕೆ ಬಿದ್ದ.

ಹಾಸಿಗೆ ಒಳ್ಳೆಯದೇ. ಅವನನ್ನು ಅಷ್ಟೇ ಪ್ರೀತಿಯಿಂದ ಎತ್ತಿ ವಾಪಸ್ಸು ನಿಲ್ಲಿಸಿತು. ಆ ಹೋಗಿ ಬರುವ ನಡುವೆ ಪ್ಯಾಂಟು ಹಿಂಭಾಗದಲ್ಲಿ ಸೊಂಟದಿಂದ ಕೆಳಗಿನ ತನಕ "ಪರ್" ಎಂದು ಹರಿಯಿತು. ಹೊಟ್ಟೆಗೆ ಸುತ್ತಿದ್ದ ಸೀರೆ ಸಡಿಲವಾಗಿ ಕೋಟಿನ ಕೆಳಗಿನಿಂದ ಇಳಿಯತೊಡಗಿತು. ಬೆವರಿಗೆ ಮೀಸೆಯ ಒಂದು ಗೆರೆ ಗಲ್ಲಕ್ಕೆ ಜಾರಿತು. ಕಣ್ಣಿನ ಕೆಳಗಿನ ಕಪ್ಪು ಕೆನ್ನೆಗಿಳಿಯಿತು. ಸಲಾಂ ಹೊಡೆದಿದ್ದ ವಾಚ್‌ಮನ್ನಿಗೆ ಆಗ ಗುರುತು ಸಿಕ್ಕಿ, "ಅಯ್ಯೋ, ಇವನು ನಮ್ಮ ದಿಂಬು!" ಎಂದು ಕೂಗಿದ. ಶೋರೂಮೇ ಬಿದ್ದು ಬಿದ್ದು ನಕ್ಕಿತು. ಹಿಂಭಾಗವನ್ನು ಎರಡು ಕೈಯಲ್ಲಿ ಮುಚ್ಚಿಕೊಂಡು ನಿಂತ ದಿಂಬಣ್ಣನ ಕಣ್ಣಲ್ಲಿ ನೀರು ತುಂಬಿತು.

"ಅಲ್ಲಾಡಬೇಡಿ!" ಫೋಟೋದವಳು ಕಿರುಚಿದಳು. "ಹಾಗೇ ಇರಿ! ಇದೇ ಮುಖ ನನಗೆ ಬೇಕಾಗಿದ್ದು!"

ನಗು ಥಟ್ಟನೆ ನಿಂತಿತು. ದೀಪಗಳು ಹೊತ್ತಿಕೊಂಡವು. ಕ್ಯಾಮೆರಾ ಕಟಕಟ ಎಂದಿತು. "ಎಡಗಡೆ ತಿರುಗಿ. ಆಹಾ! ಕೂದಲು ಹಾಗೇ ಇರ್ಲಿ. ಸೊಂಟ ಹಿಡ್ಕೊಳ್ಳಿ. ನೋವು ನಿಜವಾಗ್ಲೂ ಇದೆಯಾ? ಅದ್ಭುತ! ಆ ಕಣ್ಣಿನ ಕೆಳಗಿನ ಕಪ್ಪು ಯಾರು ಮಾಡಿದ್ದು? ಕಲಾವಿದರು!"

ಬಹಳ ಹೊತ್ತು ಅವನನ್ನು ನಿಲ್ಲಿಸಿ, ಓರೆ ಮಾಡಿ, ಬಗ್ಗಿಸಿ ಫೋಟೋ ತೆಗೆದಳು. ದಿಂಬಣ್ಣನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇಸ್ತ್ರಿಯ ಮುಖ ಹುಳ್ಳಗಾಗಿದ್ದನ್ನು ಅವನು ಓರೆಗಣ್ಣಿನಲ್ಲಿ ನೋಡಿ ತಣಿದ. ಮ್ಯಾನೇಜರು ಬಂದು ಬೆನ್ನು ತಟ್ಟಿದರು. ಆ ತಟ್ಟಿಗೆ ಕೋಟಿನ ಬೆನ್ನ ಹೊಲಿಗೆಯೂ ಬಿಟ್ಟಿತು. ದಿಂಬಣ್ಣ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

"ನಾನು ಅಂದ್ಕೊಂಡಿದ್ದೆ ಕಣಯ್ಯ, ನಿನ್ನಲ್ಲಿ ಏನೋ ಇದೆ ಅಂತ."

"ಸರ್... ಕುರ್ಚಿ ಯಾವ ಕಡೆ ಹಾಕಿಸ್ತೀರಾ?" ದಿಂಬಣ್ಣ ನಾಚುತ್ತ ಕೇಳಿದ.

ಫೋಟೋದವಳು ಕ್ಯಾಮೆರಾ ಇಳಿಸಿ ಬೆವರು ಒರೆಸಿಕೊಂಡಳು. "ಸರ್, ಅರ್ಧ ಕೆಲಸ ಮುಗೀತು. ಎಡಗಡೆ ಚಿತ್ರ ಸಿಕ್ಕಿತು. 'ನಮ್ಮ ಹಾಸಿಗೆ ಕೊಳ್ಳುವ ಮುನ್ನ.' ನಿದ್ದೆ ಇಲ್ದೆ, ಬೆನ್ನು ಹೋಗಿ, ಜೀವ ಬೇಜಾರಾಗಿರೋ ಮನುಷ್ಯ. ಇದಕ್ಕಿಂತ ಚೆನ್ನಾಗಿ ಯಾರಿಗೂ ಬರಲ್ಲ. ಈಗ ಬಲಗಡೆಗೆ ಬೇಕು. 'ಕೊಂಡ ನಂತರ.' ಅವನೇ ಮುಖ್ಯ. ಅವನಿಗೇ ತಾನೇ ನೀವು ಹೇಳಿದ ಶೋರೂಮಿನ ಜಾಗ?"

"ಹೌದ್ಹೌದು, ಮಲಗಿರೋನಿಗೇ" ಎಂದರು ಮ್ಯಾನೇಜರು. "ಎದ್ದಿರೋನು ನಮ್ಮ ಹಾಸಿಗೇನ ಹೆಂಗೆ ಮಾರ್ತಾನೆ?"

ದಿಂಬಣ್ಣ ಮ್ಯಾನೇಜರ ಕಡೆ ತಿರುಗಿದ. ತನ್ನ ಹಕ್ಕಿನ ಕುರ್ಚಿ ಕಣ್ಣೆದುರಿಗೇ ಇಸ್ತ್ರಿಯ ಕಡೆ ಸರಿಯುವುದು ಕಂಡಂತಾಯಿತು. ಇಸ್ತ್ರಿ ಆಗಲೇ ಕೋಟು ಕಳಚುತ್ತಿದ್ದ. ಕ್ಯಾಷ್ ಅಕ್ಕ ತುರುಬು ಬಿಚ್ಚುತ್ತಿದ್ದಳು. ಡ್ರೈವರು ಆಕಳಿಸಿ ತೋರಿಸುತ್ತಿದ್ದ. ಎಲ್ಲರೂ ಒಟ್ಟಿಗೆ "ನಾನು ಮಲಗ್ತೀನಿ ಮೇಡಂ, ನಾನು ಮಲಗ್ತೀನಿ" ಎಂದು ಮುನ್ನುಗ್ಗಿದರು.

"ಶ್!" ಎಂದಳು ಫೋಟೋದವಳು. "ಅದೇನು ಸದ್ದು?"

ಎಲ್ಲರೂ ಕಿವಿಗೊಟ್ಟರು. ಶೋರೂಮಿನ ಮೂಲೆಯಿಂದ, ಕಿಟಕಿಯ ಪಕ್ಕದ ಹಾಸಿಗೆಯಿಂದ, ಏರುತ್ತ ಇಳಿಯುತ್ತ ಗೊರಕೆ ಕೇಳಿಬರುತ್ತಿತ್ತು. ಹತ್ತಿರ ಹೋಗಿ ನೋಡಿದರು. ಕೂರಲು ಜಾಗ ಹುಡುಕಿಕೊಂಡು ಹೋದ ಮೇಕಪ್ ಮಾಮ ಕೂತಲ್ಲೇ ವಾಲಿ, ವಾಲಿದಲ್ಲೇ ಉರುಳಿ, ಕೈ ಒಂದು ಕಡೆ ಕಾಲು ಒಂದು ಕಡೆ ಚೆಲ್ಲಿ, ಬಾಯಿ ಅರ್ಧ ತೆರೆದು, ಲೋಕದ ಹಂಗಿಲ್ಲದೆ ನಿದ್ದೆ ಹೋಗಿದ್ದ. ಆ ಅಂಗಡಿಯ ಹಾಸಿಗೆ ಮುಟ್ಟಬಾರದು ಎಂದು ಆ ಮುದುಕನಿಗೆ ಯಾರೂ ಹೇಳಿರಲಿಲ್ಲ. ದೊಗಲೆ ಪಟ್ಟೆ ಪ್ಯಾಂಟು ಫ್ಯಾನಿನ ಗಾಳಿಗೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಕಿಟಕಿಯ ಬೆಳಕು ನೆರೆತ ಕೂದಲ ಮೇಲೆ ಬಿದ್ದಿತ್ತು. ಬಣ್ಣ ಹಚ್ಚದ ಅವನ ಮುಖ ಹಾಲು ಕುಡಿದ ಮಗುವಿನಂತಿತ್ತು. ಕಿಟಕಿಯಾಚೆ ಬೀದಿಯಲ್ಲಿ ಹತ್ತಾರು ಜನ ಆಗಲೇ ನಿಂತು ಬಾಯಿ ಚಪ್ಪರಿಸಿಕೊಂಡು ನೋಡುತ್ತಿದ್ದರು.

ಮ್ಯಾನೇಜರು ಅಭ್ಯಾಸ ಬಲದಿಂದ ಅಂಗೈ ಚಾಚಿದರು. ಫೋಟೋದವಳು ಆ ಕೈ ಹಿಡಿದು ತಡೆದಳು.

"ಮುಟ್ಟಬೇಡಿ ಸರ್! ಇವರು ಯಾರು? ಎಲ್ಲಿದ್ರು ಇಷ್ಟು ದಿನ? ಆ ಪ್ಯಾಂಟು ನೋಡಿ! ನೋಡಿದ್ರೇ ನಿದ್ದೆ ಬರುತ್ತೆ!"

"ಆ ಪ್ಯಾಂಟು ನಂದು" ಎಂದ ದಿಂಬಣ್ಣ. ಯಾರಿಗೂ ಕೇಳಿಸಲಿಲ್ಲ.

"ಮೇಡಂ, ಅದು ನನ್ನ ಪ್ಯಾಂಟು. ನಾನು ದಿನಾ ಹಾಕ್ಕೊಳ್ಳೋದು. ನನ್ನ ಹತ್ರ ಇನ್ನೂ ಎರಡಿವೆ."

"ನೀವು ಸ್ವಲ್ಪ ಬೆಳಕು ಬಿಟ್ಟು ನಿಲ್ತೀರಾ?" ಎಂದಳು ಅವಳು.

ಅಷ್ಟರಲ್ಲಿ ಬೀದಿಯಿಂದ ಇಬ್ಬರು ಒಳಗೆ ಬಂದು, "ಆ ಅಜ್ಜ ಮಲಗಿರೋ ಹಾಸಿಗೇನೇ ಬೇಕು, ಬೇರೆ ಬೇಡ" ಎಂದು ಕೇಳಿದರು. ಮ್ಯಾನೇಜರ ಕಣ್ಣು ದೀಪದಂತೆ ಹೊತ್ತಿಕೊಂಡಿತು. ಮಾಮ ಇನ್ನೂ ಏಳುವ ಮುಂಚೆಯೇ ಅವನ ಕೆಲಸ ಖಾಯಂ ಆಗಿಹೋಯಿತು. ದಿನವೂ ಬೆಳಿಗ್ಗೆಯಿಂದ ಸಂಜೆಯವರೆಗೆ ಕಿಟಕಿಯ ಪಕ್ಕ ಮಲಗುವುದು. ಪಟ್ಟೆ ಪ್ಯಾಂಟೇ ಸಮವಸ್ತ್ರ.

ಕ್ಯಾಮೆರಾ ಸದ್ದಿಗೆ ಕೊನೆಗೂ ಮಾಮನಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ಸುತ್ತ ನೋಡಿದ. ಎದುರಿಗೆ ಹರಿದ ಸೂಟಿನಲ್ಲಿ, ಗಲ್ಲದ ಮೇಲೆ ಅರ್ಧ ಮೀಸೆ ಇಟ್ಟುಕೊಂಡು, ಹಿಂದೆ ಸೀರೆ ಎಳೆದುಕೊಂಡು ನಿಂತಿದ್ದ ದಿಂಬಣ್ಣನನ್ನು ಕಂಡು ಗಾಬರಿಯಿಂದ ಎದ್ದು ಕೂತ.

"ಏನಾಯ್ತಪ್ಪಾ? ಆಯ್ಕೆ ಆದ್ಯಾ?"

"ಆದೆ ಮಾಮ" ಎಂದ ದಿಂಬಣ್ಣ. "ನಾನು ಎಡಗಡೆ. ನೀವು ಬಲಗಡೆ."

ಅರ್ಥ ಬಿಡಿಸಿ ಹೇಳಿದಾಗ ಮಾಮ ಮೊದಲು ಸಂಕೋಚಪಟ್ಟ. ತನಗೆ ಹಾಸಿಗೆ ಮಾರುವ ಕೆಲಸ ಬರುವುದಿಲ್ಲ ಎಂದ. ಮಾರುವುದು ಬೇಡ, ಮಾತೂ ಬೇಡ ಎಂದರು ಮ್ಯಾನೇಜರು. ಸಂಬಳ ಎಷ್ಟೆಂದು ಕೇಳಿದ ಮೇಲೆ ಮಾಮನ ಸಂಕೋಚ ಹೋಯಿತು. ಅಂದು ಗೋಡೌನಿನಿಂದ ಹತ್ತು ಹಾಸಿಗೆ ಮೇಲೆ ಬರಬೇಕಾಯಿತು. ಹೊತ್ತವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಕೊನೆಯ ಹಾಸಿಗೆ ಇಳಿಸಿ ದಿಂಬಣ್ಣ ಬೆವರು ಸುರಿಯುವ ಮುಖದಲ್ಲಿ ಮ್ಯಾನೇಜರ ಮುಂದೆ ಬಂದು ನಿಂತ. "ಸರ್, ನಾಳೆಯಿಂದ ನಾನು ನನ್ನ ಹಳೇ ಬಟ್ಟೇಲೇ ಬರ್ಲಾ?"

"ಎಲ್ಲಾದ್ರೂ ಉಂಟೇನಯ್ಯ! ಊರು ತುಂಬಾ ನಿನ್ನ ಬೋರ್ಡು ಬೀಳ್ತಾ ಇದೆ. ಜನ ಈ ಅಜ್ಜನ್ನ ನೋಡಕ್ಕೆ ಬಂದಾಗ ನಿನ್ನನ್ನೂ ಕೇಳ್ತಾರೆ. ಬೋರ್ಡು ಇರೋ ತನಕ ಇದೇ ಸೂಟು, ಇದೇ ಮೀಸೆ, ಇದೇ ಕೂದಲು. ಹಾಸಿಗೆ ಹೊತ್ಕೊಂಡು ಮೇಲೆ ಬರೋವಾಗ ಒಂದ್ಸಲ ಎಲ್ಲರ ಕಡೆ ತಿರುಗಿ ಆ ಮುಖ ತೋರ್ಸಿ ಹೋಗು."

"ಬೇಸರ ಮಾಡ್ಕೋಬೇಡ ಕಣಪ್ಪಾ" ಎಂದು ಮಾಮ ಹಾಸಿಗೆಯಿಂದಲೇ ಸಮಾಧಾನ ಹೇಳಿದ. "ನಿನ್ನ ಮುಖಕ್ಕೆ ನಾನಿದೀನಲ್ಲ. ದಿನಾ ನಾನೇ ಬಣ್ಣ ಹಚ್ತೀನಿ. ನಾಳೆಯಿಂದ ಕತ್ತಲಿದ್ದಾಗಲೇ ಎದ್ದು ನಮ್ಮನೆಗೆ ಬಂದುಬಿಡು. ನಿಂದು ಬೇಗ ಮುಗಿದ್ರೆ ನಾನು ಇಲ್ಲಿಗೆ ಬಂದು ಮಲಗಬಹುದು."